ಪೀಪಿ ನೆನೆಸುವ ಬಟ್ಟಲು

ಮಲಪ್ರಭೆಯ ದಂಡೆಯ ಸಣ್ಣ ಮಠವೊಂದರಲ್ಲಿ ಹುಲಗಪ್ಪಜ್ಜ ಎಂಬ ಶಹನಾಯಿ ಗುರು ಇದ್ದ. ಹಲ್ಲು ಉದುರಿದ ಮೇಲೆ ಊದುವುದನ್ನು ಬಿಟ್ಟಿದ್ದ. ಬೈಯುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಅವನ ಹಳೆಯ ಶಿಷ್ಯ ಪರಸಪ್ಪ ಬಂದ. ಶಿಷ್ಯನ ತಲೆಯೂ ಈಗ ಪೂರ್ತಿ ಬೆಳ್ಳಗಾಗಿತ್ತು. ಊರೂರು ತಿರುಗಿ ಕಚೇರಿ ಮಾಡುವ ದೊಡ್ಡ ಹೆಸರಿನ ಮನುಷ್ಯ. ಮೇಳದವರನ್ನು ರಸ್ತೆಯ ಮೇಲೆ ವ್ಯಾನಿನಲ್ಲೇ ಬಿಟ್ಟು ಒಬ್ಬನೇ ಇಳಿದು ಬಂದಿದ್ದ.

ಗುರುವಿನ ಕಾಲು ಮುಟ್ಟಿದ ಕೈ ಗಡಗಡ ನಡುಗುತ್ತಿತ್ತು.

"ಜ್ವರ ಬಂದೈತೇನೋ?"

"ಇಲ್ರೀ ಅಜ್ಜಾರ. ಹೆದರಿಕಿ."

"ಯಾರದು?"

"ನಾಳೆ ಸಂಜಿಗೆ ಹೊಳಿ ಆಚಿ ಊರಾಗ ಕಚೇರಿ ಐತ್ರಿ. ಮಗಳು ಕಸ್ತೂರಿ ಇರೂ ಊರು."

ಕಸ್ತೂರಿಯ ಮದುವೆಯ ಸಂಗತಿ ಅಜ್ಜನಿಗೂ ಗೊತ್ತಿತ್ತು. ಅಪ್ಪ ಶಹನಾಯಿ ಊದಿದರೇ ತಾಳಿ ಎಂದು ಹಟ ಹಿಡಿದಿದ್ದಳು ಆ ಹುಡುಗಿ. ಅಕ್ಕಿಕಾಳು ಹಿಡಿದು ಮಂದಿ, ಮಾಲೆ ಹಿಡಿದು ಅವಳು, ಎಲ್ಲ ನಿಂತೇ ಕಾದರು. ಪರಸಪ್ಪ ಕುಡಿದು ಹಂದರದ ಹಿಂದೆ ಬಿದ್ದಿದ್ದ. ಮುಹೂರ್ತ ಮೀರಿತು. ಕಡೆಗೆ ಯಾವ ವಾದ್ಯವೂ ಇಲ್ಲದೆ ತಾಳಿ ಕಟ್ಟಿಸಿದರು. ಅವತ್ತಿನಿಂದ ಅವಳು ಅಪ್ಪನ ಸಂಗಡ ಮಾತು ಬಿಟ್ಟಳು.

"ಈಗ ಹೇಳಿ ಕಳಿಸ್ಯಾಳ್ರಿ," ಎಂದ ಪರಸಪ್ಪ. "ಕುಡೀಲಾರದ ಬಂದ್ರ ಮೊಮ್ಮಗಳನ್ನ ತೋರಸ್ತೀನಿ, ಕುಡಿದು ಬಂದ್ರ ಇನ್ನೆಂದೂ ಮಾರಿ ತೋರಸಬ್ಯಾಡ ಅಂತ."

"ಮತ್ತ ಕುಡೀಬ್ಯಾಡ."

"ಕುಡೀದಿದ್ರ ಊದಾಕ ಉಸಿರ ಹಿಡಿತಕ್ಕ ಬರೂದಿಲ್ರಿ! ಎದಿ ಢವಢವ ಅಂತೈತಿ. ಅಕಿ ಎದುರಿಗೆ ಕುಂತಿರತಾಳ, ನಾ ಊದಾಕ ಹೋಗಿ ಬರೇ ಗಾಳಿ ಬಂದ್ರ? ಅದನ್ನ ನೆನಸಿದ್ರ ಜೀವ ಹೋದಂಗ ಆಗತೈತ್ರಿ."

"ಕುಡಿದ ಮ್ಯಾಲೆ ಹೆದರಿಕಿ ಹೋಗತೈತೇನು?"

"ಮಲಗತೈತ್ರಿ. ಬೆಳಿಗ್ಗೆ ನನಗಿಂತ ಮೊದಲ ಏಳತೈತಿ."

"ಆತು. ಊದು, ಕೇಳೋಣು."

ಶಹನಾಯಿಯ ತುದಿಗೆ ಸಿಕ್ಕಿಸುವ ಜೊಂಡಿನ ಪೀಪಿ ಒಣಗಿದ್ದರೆ ನಾದ ಹೊರಡುವುದಿಲ್ಲ. ಅದನ್ನು ನೆನೆಸಲು ಪರಸಪ್ಪನ ಪಕ್ಕದಲ್ಲಿ ಯಾವಾಗಲೂ ಒಂದು ತಾಮ್ರದ ಬಟ್ಟಲು. ಈಗಲೂ ಅದನ್ನು ಚೀಲದಿಂದ ತೆಗೆದ. ಬಾಟಲಿಯಿಂದ ಬಗ್ಗಿಸಿದ.

ಅಜ್ಜ ಬಟ್ಟಲಲ್ಲಿ ಬೆರಳು ಅದ್ದಿ ಮೂಗಿಗೆ ಹಿಡಿದ. ನೀರಿನ ಹಾಗೆ ಕಾಣುತ್ತಿದ್ದದ್ದು ಸಾರಾಯಿ.

"ಅಯ್ಯ ನಿನ್ನ! ಕೇಳೂ ಮಂದಿಗೆ ಗೊತ್ತಾಗೂದಿಲ್ಲೇನು?"

"ಪೀಪಿ ನೆನಸೂ ನೀರು ಅಂತ ತಿಳೀತಾರ್ರಿ. ನಡುನಡುವ ಎತ್ತಿ ಕುಡಿದ್ರ, ಪಾಪ, ಬಾಯಿ ಒಣಗೈತಿ ಅಂತಾರ."

ನೋಡಿ, ತುಂಬಿದ ಸಭೆಯ ಕಣ್ಣೆದುರಿಗೇ ಇಟ್ಟುಕೊಂಡು ಕದ್ದು ಕುಡಿದ ಪುಣ್ಯಾತ್ಮ! ಅಜ್ಜನಿಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಎರಡೂ ಮಾಡಲಿಲ್ಲ.

"ಈ ಬಟ್ಟಲಿಗೆ ಮೊದಲೆಲ್ಲಾ ನೀರು ಯಾರು ಹಾಕತಿದ್ರು?"

ಪರಸಪ್ಪ ತಲೆ ತಗ್ಗಿಸಿದ.

"ಕಸ್ತೂರಿ. ಸಣ್ಣಾಕಿ ಇದ್ದಾಗ. ಒಂದು ಹನಿ ಚೆಲ್ಲದಂಗ ಎರಡೂ ಕೈಲೆ ಹಿಡ್ಕೊಂಡು ಬರತಿದ್ಲು."

"ಯಾವಾಗ ಬಿಟ್ಲು?"

"ಅಕಿ ಬಿಡಲಿಲ್ರಿ. ನಾನ ಬಿಡಿಸಿದ್ನಿ. ವಾಸನಿ ಹತ್ತೀತು ಅಂತ ಅಂಜಿ, 'ಸರಿ ಅತ್ಲಾಗ, ನಾನ ಹಾಕ್ಕೋತೀನಿ' ಅಂತ ಗದರಿಸಿದ್ನಿ." ಅತ್ತುಬಿಟ್ಟ.

ಅಜ್ಜ ಸಮಾಧಾನ ಹೇಳಲಿಲ್ಲ. ಬಟ್ಟಲನ್ನು ಮರಳಿಗೆ ಬೋರಲು ಹಾಕಿದ. ಹೊಳೆಗಿಳಿದು ಉಸುಕು ಹಾಕಿ ತಿಕ್ಕಿ ತೊಳೆದ. ಧೋತರದ ಚುಂಗಿನಿಂದ ಒರೆಸಿ ತಂದು ಕೈಗಿಟ್ಟ.

"ನಾಳೆ ಇದನ್ನ ಖಾಲಿ ತಗೊಂಡು ಅಕಿ ಬಾಗಲಿಗೆ ಹೋಗು. ನೀರು ಕೇಳು. ಅಕಿ ಹಾಕಿದ ನೀರಾಗ ಪೀಪಿ ನೆನಸಿ ಊದು."

"ಕೈ ನಡಗತಾವ್ರಿ. ಬಟ್ಟಲಾ ಕೈಜಾರಿ ಬಿದ್ದೀತು."

"ಬೀಳಲಿ. ಆಗೆಲ್ಲಾ ಕುಡಿದು ಅಕಿಗೆ ನಡಗದ ಕೈ ತೋರಿಸಿದಿ. ಅದು ಸುಳ್ಳಿತ್ತು."

"ಬಾಗಲಾ ತೆರೀದಿದ್ರ?"

"ನಿಂದ್ರು."

"ತೆರೆದೂ ನೀರು ಕೊಡದಿದ್ರ? ಒಣ ಪೀಪಿ ಊದಿದ್ರ ಸೀಳತೈತ್ರಿ."

"ಊದಬ್ಯಾಡ."

ರಸ್ತೆಯಿಂದ ವ್ಯಾನಿನ ಹಾರ್ನ್ ಕೇಳಿತು. ಪರಸಪ್ಪ ಬೆಚ್ಚಿಬಿದ್ದ.

"ಅಜ್ಜಾರ, ಅಷ್ಟು ಮಂದಿ ನನಗಂತ ಬಂದು ಕುಂತಿರತಾರ್ರಿ!"

ಅಜ್ಜ ಅವನ ನಡುಗುವ ಬೆರಳುಗಳನ್ನು ಬಟ್ಟಲಿನ ಸುತ್ತ ಒಂದೊಂದಾಗಿ ಮಡಿಚಿದ.

"ಕುಂದರಲಿ ಬಿಡೋ. ಅಕಿ ನಿಂತು ಕಾದಿದ್ಲು."