ಗೋಡೆಯ ಮೇಲಿನ ಗೂಬೆಗುಡ್ಡ

"ಕೇಳಿರಿ, ಕೇಳಿರಿ! ಹೊನ್ನಗವಿಯ ಅರಸ ವರ್ಣಸೇನ ಮಹಾರಾಜರ ಅಪ್ಪಣೆ! ರಾಜಕುಮಾರಿ ಕನಕಲತೆ ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರು ಬೇಡಿದ್ದನ್ನು ಪಡೆಯುತ್ತಾರೆ. ಒಂದು ತಪ್ಪಿದರೂ ತಲೆ ಹೋಗುತ್ತದೆ. ಒಗಟಿನ ಸಭೆಯಲ್ಲಿ ಬಾಯಿ ಬಿಟ್ಟವರೆಲ್ಲ ಉತ್ತರ ಹೇಳಲೇಬೇಕು!"

ಡಂಗುರದ ಸದ್ದು ಗೋಡೆಯಾಚೆ ದೂರವಾಯಿತು. ಅರಮನೆಯ ಸಭಾಂಗಣದಲ್ಲಿ ಅಟ್ಟಣಿಗೆ ಮೇಲೆ ಕೂತು ಬಿರುಕಿಗೆ ಗಾರೆ ತುಂಬುತ್ತಿದ್ದ ಓಬಳ, "ಈ ದೊಡ್ಡವರಿಗೆ ತಲೆ ಇಟ್ಟುಕೊಳ್ಳೋದೇ ಭಾರ" ಎಂದು ಗೊಣಗಿದ.

ಎಂಟು ದಿನದ ಕೆಲಸ ಎಂದು ಕರೆತಂದಿದ್ದರು ಅವನನ್ನು. ಮೂರು ವರ್ಷವಾಗಿತ್ತು.

ಹೊನ್ನಗವಿ ಎಲ್ಲ ಸೀಮೆಯಂತೆಯೇ ಒಂದು ಸೀಮೆ. ಕಂದು ಹೊಲ, ಬೋಳು ಬೋಳಾದ ಗೂಬೆಗುಡ್ಡ, ವರ್ಷದಲ್ಲಿ ಮುಕ್ಕಾಲು ದಿನ ತೊಳೆದಿಟ್ಟ ಬೂದುಬಟ್ಟೆಯಂಥ ಆಕಾಶ. ಅರಸನಿಗೆ ಅದು ನಾಚಿಕೆ. ಓಬಳನಿಂದ ಗಾರೆ ಮೆತ್ತಿಸಿ ಗೋಡೆ ತುಂಬ ಚಿತ್ರ ಬರೆಸಿದ. ಗುಡ್ಡಕ್ಕೆ ಗಿಳಿಹಸಿರು, ಆಕಾಶಕ್ಕೆ ಅದ್ದಿ ತೆಗೆದ ನೀಲಿ, ಗುಡ್ಡದ ಗವಿಯ ಒಳಮೂಲೆಗೂ ನಡುಹಗಲಿನ ಬೆಳಕು. ಅದನ್ನೇ ಬಟ್ಟೆಯ ಮೇಲೆ ಬರೆಸಿ ದೇಶದೇಶಕ್ಕೆ ಕಳಿಸಿದ. ನೋಡಿದ ರಾಜಕುಮಾರರು ಬಾಯಿ ಬಿಟ್ಟುಕೊಂಡು ಬಂದರು. ಅವರನ್ನು ಮುಚ್ಚಿದ ಪಲ್ಲಕ್ಕಿಯಲ್ಲೇ ಒಳಗೆ ತಂದರು. ಕಿಟಕಿಯಿಂದ ನಿಜ ಕಂಡೀತೆಂದು ಕಿಟಕಿಗಳನ್ನೂ ಓಬಳನಿಂದಲೇ ಮುಚ್ಚಿಸಿದರು. ಮುಚ್ಚಿದವನು ಹೊರಗೆ ಹೋಗಿ ಬಾಯಿ ಬಿಟ್ಟರೆ? ಅವನಿಗೂ ಬಾಗಿಲು ಮುಚ್ಚಿತು.

ಪಡುವಣ ಗೋಡೆಯ ಆಚೆಯೇ ನಿಜವಾದ ಗೂಬೆಗುಡ್ಡ. ಅದರ ಬುಡದಲ್ಲಿ ಅವನ ಗುಡಿಸಲು, ಅವನು ಬರುವಾಗ ಏಳು ತಿಂಗಳ ಬಸುರಿಯಾಗಿದ್ದ ಹೆಂಡತಿ ಸಣ್ಣವ್ವ. ಗಂಡೋ ಹೆಣ್ಣೋ ಅವನಿಗೆ ಗೊತ್ತಿಲ್ಲ. ಕೆಲವೊಮ್ಮೆ ಗೋಡೆಗೆ ಕಿವಿ ಇಡುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ಕಿಟಕಿ ಮುಚ್ಚಿ ಕಟ್ಟಿದ್ದು ಅವನೇ, ಗಟ್ಟಿಯಾಗಿಯೇ ಕಟ್ಟಿದ್ದ.

ರಾಜಕುಮಾರಿಯ ಪಾಡೂ ಅಷ್ಟೆ. ಅವಳ ಕೋಣೆಯ ಕಿಟಕಿಗಳನ್ನು ಅವಳು ತೊಟ್ಟಿಲಲ್ಲಿದ್ದಾಗಲೇ ಮುಚ್ಚಿದ್ದರು. ಹೋದ ವರ್ಷ ಸಾಯುವ ಮುಂಚೆ ಅವಳ ದಾದಿ ಮೂರು ಒಗಟು, ಮೂರು ಉತ್ತರ ಕಿವಿಯಲ್ಲಿ ಹೇಳಿದ್ದಳು. "ಇವನ್ನು ಬಿಡಿಸಿದವನು ಹೊರಗಿನದನ್ನು ಕಣ್ಣಾರೆ ಕಂಡವನು ಮಗಳೇ. ಅವನ ಹಿಂದೆ ಹೊರಟುಬಿಡು." ಉತ್ತರಗಳು ಹುಡುಗಿಗೆ ಬಾಯಿಪಾಠ. ಅರ್ಥ ಮಾತ್ರ ಆಗಿರಲಿಲ್ಲ.

ಸಭೆ ಸೇರಿತು. ಮೊದಲು ಎದ್ದವನು ಕಡಗ ಕುಂಡಲದ ಒಬ್ಬ ರಾಜಕುಮಾರ.

"ಮರದ ಕೆಳಗೆ ಹಾಸಿದೆ, ಮಡಚಲು ಬರದು. ದಾರಿಹೋಕ ಅದರ ಮೇಲೆ ಮಲಗಿ ಏಳುವಷ್ಟರಲ್ಲಿ ಅದೇ ಎದ್ದು ಪಕ್ಕಕ್ಕೆ ಹೋಗಿರುತ್ತದೆ. ಏನದು?" ಎಂದಳು ಕನಕಲತೆ.

ರಾಜಕುಮಾರ ಗೋಡೆ ನೋಡಿದ. ಚಿತ್ರದ ಮರದಡಿಯಲ್ಲಿ ಕೆಂಪು ಹೂವೋ ಹೂವು. "ಹೂವಿನ ಹಾಸಿಗೆ!" ಭಟರು ಅವನನ್ನು ಎಳೆದೊಯ್ದರು. ಅವನು ಮತ್ತೆ ಬರಲಿಲ್ಲ.

ಎರಡನೆಯವನು ಪಂಡಿತ. ಕಣ್ಣು ಮುಚ್ಚಿ ಯೋಚಿಸಿ, "ನೆರಳು" ಎಂದ. ಸಭೆ ತಲೆದೂಗಿತು.

"ಹಲ್ಲಿಲ್ಲ, ಬಾಯಿಲ್ಲ. ಗುಡ್ಡದ ಹಸಿರನ್ನೆಲ್ಲ ತಿನ್ನುತ್ತದೆ. ನೀವು ಗುಡ್ಡದ ಕಡೆಗೆ ನಡೆದಷ್ಟೂ ತಿಂದದ್ದನ್ನು ಮರಳಿ ಕೊಡುತ್ತದೆ. ಏನದು?"

ಪಂಡಿತ ಈ ಸಲ ಕಣ್ಣು ತೆರೆದು ಚಿತ್ರ ನೋಡಿದ. ಅಲ್ಲಿ ಹತ್ತಿರದ ಗಿಡವೂ ಹಸಿರು, ಹತ್ತು ಹರದಾರಿ ಆಚೆಯ ಗುಡ್ಡವೂ ಅಷ್ಟೇ ಹಸಿರು. "ಕಾಳ್ಗಿಚ್ಚು!"

"ಅಯ್ಯೋ, ಕಿಚ್ಚು ಎಲ್ಲಾದರೂ ಮರಳಿ ಕೊಡ್ತದಾ!"

ಅಟ್ಟಣಿಗೆಯ ಮೇಲಿಂದ ಬಂದ ಮಾತು ಅದು. ಓಬಳ ಬಾಯಿ ಮುಚ್ಚಿಕೊಂಡ. ತಡವಾಗಿತ್ತು. ಪಂಡಿತನನ್ನು ಒಯ್ದ ಭಟರು ಮರಳಿ ಬಂದು ಇವನನ್ನು ಇಳಿಸಿದರು.

"ಗಾರೆಯವನಾ?" ಅರಸ ನಕ್ಕ. "ಮೊದಲನೆಯದು ಎಲ್ಲರ ಕಿವಿಗೂ ಬಿದ್ದಾಯಿತು, ಉಳಿದೆರಡು ಹೇಳು ಸಾಕು. ತಿನ್ನೋದು ಯಾವುದು?"

"ದೂರ, ಮಹಾಸ್ವಾಮಿ," ಓಬಳ ಕೈಯ ಗಾರೆಯನ್ನು ಪಂಚೆಗೆ ಒರೆಸಿಕೊಂಡ. "ದೂರದಿಂದ ಯಾವ ಗುಡ್ಡವಾದರೂ ಮಬ್ಬು ಬೂದಿಯೇ. ಹತ್ತಿರ ಹೋದರೆ ಒಂದೊಂದೇ ಗಿಡ ಹಸಿರಾಗ್ತದೆ."

ಕನಕಲತೆ ಎದ್ದು ನಿಂತಳು. ಅರಸನ ನಗು ನಿಂತಿತು.

"ಮೂರನೆಯದು," ಅವಳು ಗೋಡೆಯತ್ತ ಕೈ ತೋರಿಸಿದಳು. "ಈ ಗೋಡೆಯ ಗೂಬೆಗುಡ್ಡದಲ್ಲಿ ಈಗ ಹೊತ್ತೆಷ್ಟು?"

ಓಬಳ ನೋಡಿದ. ದನಗಳು ಹಟ್ಟಿಗೆ ಮುಖ ಮಾಡಿವೆ. ಸಂಜೆ ಎನ್ನಲು ಬಾಯಿ ತೆರೆದ. ಮರುಗಳಿಗೆ ಅವನ ಕಣ್ಣು ಚಿತ್ರ ಬಿಟ್ಟು ಗಾರೆಯ ಮೇಲೆ ಹೋಯಿತು. ಹಸಿ ಗಾರೆ ಒಣಗುವುದರೊಳಗೆ ಬಣ್ಣ ಹಿಡಿಸಬೇಕು. ಹಾಗಾಗಿ ಒಂದು ದಿನಕ್ಕೆ ಎಷ್ಟು ಬರೆಯುತ್ತಾರೋ ಅಷ್ಟೇ ಮೆತ್ತುತ್ತಿದ್ದ. ಎರಡು ಕಡೆ ಕೂದಲೆಳೆಯಂಥ ಬೆಸುಗೆ ಗೆರೆ. ಮೂರು ದಿನ, ಮೂವರು ಚಿತ್ರಗಾರರು.

"ಯಾವ ಹೊತ್ತೂ ಅಲ್ಲ, ತಾಯಿ. ಮೇಲಿನ ತುಂಡು ಒಬ್ಬರು ಬರೆದರು, ಮುಂಜಾನೆಯ ಕೆಂಪು. ನಡುವಿನದು ಇನ್ನೊಬ್ಬರು, ಮಟಮಟ ಮಧ್ಯಾಹ್ನ. ಕೆಳಗಿನ ದನ ಸಂಜೆಯವು. ಅವರವರಿಗೆ ಚೆಂದ ಕಂಡ ಹೊತ್ತು ತಂದು ಅಂಟಿಸಿದರು. ಇದನ್ನು ನೋಡೋಕೆ ಭೂಮಿ ಮೇಲೆ ಯಾರೂ ಯಾವತ್ತೂ ನಿಂತಿಲ್ಲ. ನಾನು ಹುಟ್ಟಿದ್ದೇ ಆ ಗುಡ್ಡದ ಬುಡದಲ್ಲಿ."

"ಸರಿ!" ಎಂದು ಕೂಗಿದಳು ಕನಕಲತೆ. "ದಾದಿ ಹೇಳಿದ್ದೂ ಇದೇ, ಯಾವ ಹೊತ್ತೂ ಅಲ್ಲ!"

ಸಭೆಯೆಲ್ಲ ಕೇಳಿತ್ತು, ಅರಸ ಕೊಟ್ಟ ಮಾತನ್ನು ನುಂಗುವ ಹಾಗಿರಲಿಲ್ಲ. "ಅರ್ಧ ರಾಜ್ಯ ಕೊಡುತ್ತೇನೆ. ಒಳಗೇ ಇರು," ಎಂದ.

"ಯಾವ ಅರ್ಧ, ಮಹಾಸ್ವಾಮಿ? ಗೋಡೆ ಮೇಲಿನದಾ?" ಭಯ ಸುಟ್ಟುಹೋದ ಮೇಲೆ ಓಬಳನಿಗೆ ಮಾತು ಬಂದಿತ್ತು. "ನನಗೆ ಬಾಗಿಲು ತೆಗೆಸಿ. ಇನ್ನು ಮುಂದೆ ಅದನ್ನು ಯಾರಿಗೂ ಹಾಕಬೇಡಿ."

ಬಾಗಿಲು ತೆರೆಯಿತು. ರಾಜಕುಮಾರಿಯೂ ಹೊಸ್ತಿಲು ದಾಟಿದಳು. ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿ, "ಇಷ್ಟೇನಾ?" ಎಂದಳು.

"ಇಷ್ಟೇ ತಾಯಿ. ಆದರೆ ನೋಡ್ತಾ ಇರಿ."

ಒಂದು ಮೋಡ ಗುಡ್ಡದ ಮೇಲೆ ಹಾದುಹೋಯಿತು. ಗುಡ್ಡ ಕಪ್ಪಿಟ್ಟಿತು, ಒಂದು ಮಗ್ಗುಲು ಮಾತ್ರ ಹೊಂಬಣ್ಣವಾಯಿತು, ಮತ್ತೆ ಮೊದಲಿನಂತಾಯಿತು. ಅವಳು ಕಣ್ಣಿಗೆ ಅಡ್ಡ ಹಿಡಿದ ಕೈ ಇಳಿಸಿದಳು. ಓಬಳ ಆಗಲೇ ಓಡುತ್ತಿದ್ದ.

ಗುಡಿಸಲ ಮುಂದೆ ಸಣ್ಣವ್ವ ಜೋಳ ಕೇರುತ್ತಿದ್ದಳು. ಅವಳ ಸೆರಗು ಹಿಡಿದು ಪುಟ್ಟ ಹೆಣ್ಣು ಮಗು.

"ಬಂದ್ಯಾ?" ಮೊರ ಕೆಳಗಿಡಲಿಲ್ಲ ಅವಳು. "ಸತ್ತೆ ಅಂತ ಊರೆಲ್ಲ ಅಂದಿತ್ತು. ನಾನೊಬ್ಬಳೇ ಬೈಕೊಂಡು ಬದುಕಿಸಿಟ್ಟಿದ್ದೆ. ಏನು ಆ ಮುಖ, ಸುಣ್ಣ ಬಳಿದ ಹಾಗೆ! ಬಾ ಒಳಗೆ, ಉಣ್ಣುವಂತೆ."

ಓಬಳ ಬಾಗಿಲು ನೋಡಿದ. ಕಾಲು ಮುಂದೆ ಹೋಗಲಿಲ್ಲ. "ಒಳಗೆ ಬೇಡ ಕಣೇ."

ಮೂರು ವರ್ಷದ ಬೈಗುಳ ನಾಲಗೆಯ ತುದಿಯಲ್ಲಿತ್ತು ಅವಳಿಗೆ. ಅವನ ಮುಖ ನೋಡಿ ನುಂಗಿಕೊಂಡಳು. ಊಟದ ಗಂಗಾಳ ಹೊರಗೆ ತಂದು ಬಿಸಿಲಲ್ಲೇ ಇಟ್ಟಳು, ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿ, ಎದುರಿಗೆ ತಾನೂ ಕೂತಳು.