ತೂಬಿನ ಕಲ್ಲಿಗೆ ಎರಡು ಗೆರೆ ಬಂದದ್ದು

ಆಗಿನ್ನೂ ಭೂಮಿಯ ಮಣ್ಣು ಹಸಿಯಾಗಿತ್ತು. ನದಿಗಳಿಗೆ ತಮ್ಮ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಕಡಲು ಮಾತ್ರ, ದಿನದ ಉಬ್ಬರ ಇಳಿತ ಬಿಟ್ಟರೆ, ಹರಿವಾಣದಲ್ಲಿ ಹೊಯ್ದ ನೀರಿನ ಹಾಗೆ ಎಲ್ಲ ದಡಕ್ಕೂ, ಹನ್ನೆರಡು ತಿಂಗಳೂ ಒಂದೇ ಎತ್ತರಕ್ಕೆ ನಿಂತಿರುತ್ತಿತ್ತು.

ಪಡುವಣ ದಡದಲ್ಲಿ, ನದಿ ಕಡಲು ಸೇರುವ ಕೆಸರಿನಲ್ಲಿ, ಬುದವಂತಿ ಎಂಬ ಹೆಂಗಸಿಗೆ ಒಂದು ಗದ್ದೆಯಿತ್ತು. ಸುತ್ತ ಮಣ್ಣಿನ ಒಡ್ಡು, ನೀರು ಬಿಡಲು ಕಲ್ಲಿನ ತೂಬು, ಅದಕ್ಕೊಂದು ಹಲಗೆ. ಪ್ರತಿ ಮಳೆಗಾಲ ಅವಳು ಬತ್ತ ಬಿತ್ತುವಳು. ಪ್ರತಿ ಸಲವೂ ಉಬ್ಬರದ ಹೊತ್ತಿಗೆ ಕಡಲು ಒಡ್ಡು ಹತ್ತಿ ಬಂದು ಸಸಿಗಳನ್ನೆಲ್ಲ ಉಪ್ಪಿಗೆ ಹಾಕುವುದು. ಈ ಸಲ ಉಳಿದದ್ದು ಒಂದೇ ಬುಟ್ಟಿ ಬೀಜ. ಅದೂ ಹೋದರೆ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಬೇಕು. ಬುದವಂತಿಗೆ ಹೆದರಿಕೆಯಾಯಿತು.

"ಕಡಲಜ್ಜಾ, ಒಂಚೂರು ಕೆಳಗೆ ಇಳಿ ಮಾರಾಯಾ," ಎಂದು ಕೇಳಿದಳು.

"ಎಲ್ಲಿಗೆ ಇಳಿಯೂದು ಮಗಾ? ಬಿಸಿಲಿಗೆ ಕಾದು ಕಾದು ಮೈ ಉಬ್ಬಿದೆ. ನಾ ಬೇಕಂತ ಬರೂದಲ್ಲ," ಅಂದ ಕಡಲಜ್ಜ. ಅವನಿಗೂ ಬೇಸರವೇ.

ಬುದವಂತಿ ಮನೆಗೆ ಬಂದು ಗಂಜಿಗೆ ಕುಳಿತಳು. ಗಂಜಿ ಸುಡುತ್ತಿತ್ತು. ಊದಿದಳು. ಮೇಲಿನ ಬಿಸಿ ತಿಳಿಯೆಲ್ಲ ಆಚೆ ಅಂಚಿಗೆ ಸರಿಯಿತು. ಅವಳು ಅದನ್ನೇ ನೋಡಿದಳು, ಊಟ ಅರ್ಧಕ್ಕೇ ಬಿಟ್ಟು ದಡಕ್ಕೆ ಓಡಿದಳು.

"ಮಳೆಗಾಳೀ, ಓ ಮಳೆಗಾಳೀ! ಗಂಜಿ ಊದಿದ ಹಾಗೆ ಈ ಕಡಲನ್ನೊಮ್ಮೆ ಊದು!"

ಮಳೆಗಾಳಿ ಹಿಂದೆಮುಂದೆ ನೋಡುವ ಪೈಕಿ ಅಲ್ಲ. ಬಂದ ದಾರಿಯಲ್ಲೇ ನಿಂತು ದಡದ ಕಡೆಗೇ ಊದಿತು. ನೀರೆಲ್ಲ ದಡಕ್ಕೇ ಬಂದು ಗುಡ್ಡೆಬಿತ್ತು. ಒಡ್ಡಿನ ತಲೆ ಒದ್ದೆಯಾಯಿತು.

"ಅಯ್ಯೋ ಪೆದ್ದೇ, ನನ್ನ ಮುಖಕ್ಕೇ ಊದ್ತೀಯಲ್ಲ! ಬಡಗಣಕ್ಕೆ ಹೋಗು. ಅಲ್ಲಿಂದ ದಡದ ಗುಂಟ ಊದು!"

ಮಳೆಗಾಳಿ ಬಡಗಣಕ್ಕೆ ಹೋಗಿ ದಡದ ಗುಂಟ ಊದಿತು. ಭೂಮಿ ಆಗಲೂ ತಿರುಗುತ್ತಲೇ ಇತ್ತಲ್ಲ, ಆ ಸುತ್ತಿಗೆ ತೆಂಕಣಕ್ಕೆ ಹೊರಟ ಬಿಸಿನೀರು ಬಲಕ್ಕೆ ವಾಲಿ ನಡುಗಡಲಿಗೆ ಸರಿಯಿತು. ತೆರವಾದ ಜಾಗಕ್ಕೆ ತಳದ ತಣ್ಣೀರು ಮೇಲೆದ್ದು ಬಂತು. ಥಂಡಿಗೆ ಕಡಲಜ್ಜನ ಮೈ ಮುದುಡಿತು. ನೀರು ಒಂದು ಗೇಣು ಇಳಿಯಿತು.

"ಹುಹುಹೂ, ಚಳಿ! ಚಳಿ!" ಎಂದು ಅವನು ನಡುಗಿದ. ನಡುಗಿದಷ್ಟೂ ಅಲೆ ಎಗರಿತು.

"ಹಾರಾಟ ಜೋರು, ಎತ್ತರ ಕಡಿಮೆ," ಎಂದು ನಗುತ್ತ ಬುದವಂತಿ ಬುಟ್ಟಿ ಎತ್ತಿಕೊಂಡಳು.

"ನಗ್ಬೇಡ. ನನ್ನ ಬೆಚ್ಚನೆ ನೀರು ಯಾವಾಗ ವಾಪಸ್ಸು?"

"ಕೊಯ್ಲು ಮುಗೀಲಿ ಅಜ್ಜಾ. ತೂಬಿನ ಹಲಗೆ ನಾನೇ ಎತ್ತಿ, ಗದ್ದೇಲೇ ನಿನ್ನ ಮಲಗಿಸ್ತೆ."

ಬತ್ತ ಬೆಳೆಯಿತು. ಕೊಯ್ಲಾಯಿತು. ಮನೆ ತುಂಬಿತು. ಊದಿ ಊದಿ ದಣಿದ ಮಳೆಗಾಳಿ ಎತ್ತಲೋ ಹೊರಟುಹೋಯಿತು.

ಆಗ ನೋಡು, ಮೂಡಣ ಕಡಲಿನಲ್ಲಿ ದೊಡ್ಡ ದೊಡ್ಡ ನದಿಗಳ ನೆರೆ ಕುಡಿದು, ಉಪ್ಪು ಇಳಿದು ಹಗುರಾದ ನೀರು, ಲಂಕೆಯನ್ನು ಬಳಸಿಕೊಂಡು, ದಡ ಹಿಡಿದುಕೊಂಡು ಬಡಗಣಕ್ಕೆ ಬಂತು. ಬೆಚ್ಚನೆಯ ನೀರು. ಅದು ಸೇರಿದ್ದೇ ಕಡಲಜ್ಜ ಮತ್ತೆ ಉಬ್ಬಿದ. ಇಳಿದ ಗೇಣನ್ನೂ ಹತ್ತಿ, ಇನ್ನಷ್ಟು ಮೇಲೇರಿ, ತೂಬಿನ ಹಲಗೆ ತಟ್ಟಿದ.

"ತೆಗೀಬೇಡ ಮಾರಾಯ್ತಿ!" ಎಂದ ಬುದವಂತಿಯ ಗಂಡ ತಿಪ್ಪಯ್ಯ. "ಗದ್ದೆಗೆ ಉಪ್ಪು ಹತ್ತಿದ್ರೆ ಮುಂದಿನ ವರ್ಷ ಎಂತ ತಿನ್ನೂದು?"

ಅದು ಅವಳಿಗೂ ಗೊತ್ತಿತ್ತು. ಆದರೂ ತೂಬಿನ ಹತ್ತಿರ ಹೋದಳು.

"ಚಳೀಲಿ ನಡುಗಿದ್ದು ಅವ, ಅನ್ನ ಉಂಡದ್ದು ನಾವು," ಎಂದು ಹಲಗೆ ಎತ್ತಿದಳು.

ಕಡಲಜ್ಜ ಸದ್ದಿಲ್ಲದೆ ಒಳಗೆ ಬಂದು ಮಲಗಿದ. ಬೆಳಿಗ್ಗೆ ನೋಡಿದರೆ ಗದ್ದೆಯ ತುಂಬ ಸಿಗಡಿ ಚಿಮ್ಮುತ್ತಿತ್ತು. ತಿಪ್ಪಯ್ಯನೇ ಮೊದಲು ಬಲೆ ತಂದ. ಮುಂದಿನ ಮಳೆ ಉಪ್ಪನ್ನೆಲ್ಲ ತೊಳೆದುಕೊಂಡು ಹೋಯಿತು, ಮಳೆಗಾಳಿ ಮತ್ತೆ ಬಡಗಣದಲ್ಲಿ ನಿಂತು ಊದಿತು, ಬುದವಂತಿ ಮತ್ತೆ ಬತ್ತ ಬಿತ್ತಿದಳು.

ಅದಕ್ಕೇ ಮಗೂ, ಹೊಳೆಬಾಯಿಯ ಗದ್ದೆಗಳ ತೂಬಿನ ಕಲ್ಲಿನಲ್ಲಿ ಇವತ್ತಿಗೂ ನಿನಗೆ ನೀರಿನ ಎರಡು ಗೆರೆ ಕಾಣುತ್ತವೆ: ಕೆಳಗಿನದು ಶ್ರಾವಣದಲ್ಲಿ ಕಡಲಜ್ಜ ಚಳಿಗೆ ಮುದುಡಿದ್ದು, ಮೇಲಿನದು ಪುಷ್ಯದಲ್ಲಿ ಅವನು ಬಾಗಿಲಿಗೆ ಬಂದು, ಬುದವಂತಿ ಹಲಗೆ ಎತ್ತುತ್ತಾಳೆಂದು ಕಾದು ನಿಂತದ್ದು.