ಗಿಟಾರಿನ ಮೇಲೆ ನಿಂತುಹೋದ ಬೆರಳು

ನೈಜರ್ ನದಿಯ ದಡದಲ್ಲಿ ಗುರು ಚೆಮೊಕೊ ತಮ್ಮ ಹಳೆಯ ತಂತಿವಾದ್ಯಕ್ಕೆ ಹೊಸ ಚರ್ಮ ಬಿಗಿಯುತ್ತಿದ್ದರು. ಶಿಷ್ಯ ಸೂಮೈಲಾ ಗಿಟಾರನ್ನು ಅವಚಿಕೊಂಡು ಬಂದು ಎದುರಿಗೆ ಕುಳಿತ.

“ಗುರುಗಳೇ, ನಾಳೆ ನಾನು ನುಡಿಸಲಾರೆ.”

“ಯಾಕೆ?”

“ಬೆರಳು ನಿಂತುಹೋಗುತ್ತಿದೆ. ಪ್ರತಿಸಲವೂ ಅದೇ ಜಾಗದಲ್ಲಿ. ಸತ್ತ ಹಿರಿಯರು ಹಿಡಿದುಕೊಂಡಿದ್ದಾರೆ.”

ಗುರು ತಲೆ ಎತ್ತಲಿಲ್ಲ. “ಸಿಂಹಕ್ಕೆ ಹೆದರಿದವರನ್ನು ನೋಡಿದ್ದೇನೆ. ತನ್ನ ಬೆರಳಿಗೇ ಹೆದರಿದವನನ್ನು ಇವತ್ತೇ ನೋಡಿದ್ದು.”

ಸೂಮೈಲಾ ನಗಲಿಲ್ಲ.

ಊರಿನ ಹಿರಿಯ ಬೇಟೆಗಾರ ತೀರಿಕೊಂಡಿದ್ದ. ನಾಳೆ ಅವನ ಗೋರಿಯ ಮುಂದೆ ಬೇಟೆಗಾರರ ಹಾಡು ನುಡಿಸಬೇಕಾದವನು ಸೂಮೈಲಾ. ರೇಡಿಯೊದಲ್ಲಿ ಕೇಳಿ ಕಲಿತ, ಬ್ಲೂಸ್ ಎಂಬ ಹೊರನಾಡಿನ ಸಂಗೀತವನ್ನು ಅವನು ಆ ಹಾಡಿನೊಳಗೆ ಬೆರೆಸಿದ್ದ. ಅಲ್ಲಿ ಕೈ ನಿಂತರೆ ಮುಗಿಯಿತು, ಮತ್ತೆಂದೂ ಯಾವ ಬೇಟೆಗಾರನ ಎದುರೂ ಅವನು ತಂತಿ ಮುಟ್ಟುವಂತಿಲ್ಲ.

“ಬೆರಕೆ ಬಿಡು. ಹಳೆಯದನ್ನೇ ನುಡಿಸು.”

“ಅದಕ್ಕೂ ಭಯ. ಸಾಯುವ ಮುಂಚೆ ಆ ಹಿರಿಯ ಬೇಟೆಗಾರರು ನುಡಿಸು ಎಂದಿದ್ದು ಈ ಬೆರಕೆಯನ್ನೇ.”

“ಹಾಗಾದರೆ ನುಡಿಸು, ನೋಡೋಣ.”

ಆ ಹಾಡಿಗೊಂದು ಕಟ್ಟಳೆಯಿತ್ತು. ಅದನ್ನು ಹಿಂದೆ ನುಡಿಸುತ್ತಿದ್ದು ಈಗ ತೀರಿಹೋದವರ ಹೆಸರು ಹೇಳಿ, ಸಜ್ಜೆಹಿಟ್ಟು ಕಲಸಿದ ನೀರನ್ನು ನೆಲಕ್ಕೆ ಸುರಿದು ಅಪ್ಪಣೆ ಕೇಳಬೇಕು. ತಂತಿ ಮುಟ್ಟುವುದು ಆಮೇಲೆ. ಸೂಮೈಲಾ ಆ ನೀರಿದ್ದ ಸೋರೆಬುರುಡೆ ಎತ್ತಿ, ಒಂದು ಹೆಸರನ್ನೂ ಬಿಡದೆ ಹೇಳಿ ಸುರಿದ.

ನುಡಿಸಿದ. ನಡುವೆ ಬೆರಳು ಕಟ್ಟಿಗೆಯಾಯಿತು.

“ನೋಡಿದಿರಾ?”

“ನೋಡಿದೆ. ಎಲ್ಲಿ ನಿಂತಿತು?”

“ಬ್ಲೂಸ್ ಶುರುವಾಗುವಲ್ಲಿ.”

“ಅದು ಯಾರದು?”

“ಯಾರದೂ ಅಲ್ಲ. ರೇಡಿಯೊದ್ದು.”

“ರೇಡಿಯೊ ಹಾಡು ಕಟ್ಟುತ್ತದೆಯೇನು?”

ಸೂಮೈಲಾ ಗಿಟಾರನ್ನು ಮಡಿಲಿಗೆ ಇಳಿಸಿದ. ಆಮೇಲೆ ಹೇಳಿದ, “ಕಡಲಾಚೆಯ ಕಪ್ಪು ಜನರದು. ನಮ್ಮವರದೇ.”

“ಅಲ್ಲಿಗೆ ಹೇಗೆ ಹೋದರು?”

ಅವನ ದನಿ ಇಳಿಯಿತು. “ಸರಪಳಿ ಹಾಕಿ ಹಡಗಿಗೆ ತುಂಬಿದರು.”

“ಅವರ ಅಪ್ಪಣೆ ಕೇಳಿದೆಯಾ?”

“ಅವರ ಹೆಸರೇ ಗೊತ್ತಿಲ್ಲವಲ್ಲ, ಗುರುಗಳೇ.”

ಗುರು ಸೋರೆಬುರುಡೆಯನ್ನು ಅವನತ್ತ ತಳ್ಳಿದರು.

ಸೂಮೈಲಾ ಅದನ್ನೆತ್ತಿ ಬಾಯಿ ತೆರೆದ. ಹೇಳಲು ಒಂದು ಹೆಸರೂ ಇರಲಿಲ್ಲ. ಹಾಗೆಯೇ ಸುರಿದ. ನೆಲ ನೀರನ್ನು ಹೀರಿಕೊಂಡಿತು.

ಬೆನ್ನ ಹಿಂದೆ ಜನ ಬಂದು ನಿಂತಂತಾಯಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ನುಡಿಸಿದ. ಬೆರಳು ಆ ಜಾಗವನ್ನು ದಾಟಿತು. ಹಾಡು ಮುಗಿದಾಗ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು.

“ಕೈಯೇನೋ ನಿಲ್ಲಲಿಲ್ಲ, ಗುರುಗಳೇ. ಆದರೆ ಭಯ ಮೊದಲಿಗಿಂತ ಹೆಚ್ಚಾಗಿದೆ.”

“ಹೆಚ್ಚಾಗಲೇಬೇಕು,” ಎಂದರು ಗುರು. “ಇಷ್ಟು ದಿನ ನೀನು ಸತ್ತವರಲ್ಲಿ ಅರ್ಧ ಜನಕ್ಕೆ ಮಾತ್ರ ಹೆದರುತ್ತಿದ್ದೆ.”